ಹೊಲಿಗೆಯಿಲ್ಲದ ಮಳೆಹೊದಿಕೆ

ವೇದವತಿ ಹೇಳಿದ್ದು ಒಂದೇ ಒಂದು ಸುಳ್ಳು. ಅವಳ ಮಟ್ಟಿಗೆ ಅದು ದೊಡ್ಡದೂ ಅಲ್ಲ. ಆದರೆ ಸುಳ್ಳನ್ನು ಒಂದು ಸಲ ಮನೆಯೊಳಗೆ ಕರೆದುಕೊಂಡರೆ ಆಮೇಲೆ ಅದರ ಊಟ, ತಿಂಡಿ, ಉಪಚಾರವನ್ನೆಲ್ಲ ನಾವೇ ನೋಡಿಕೊಳ್ಳಬೇಕಾಗುತ್ತದೆ. ಆ ಕಷ್ಟ ಅವಳಿಗೆ ನಿಧಾನವಾಗಿ ತಿಳಿಯಿತು.

ಆದದ್ದು ಹೀಗೆ. ಅವಳ ಅಣ್ಣನ ಮಗ ಉಪೇಂದ್ರ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ, ಆರ್.ಟಿ. ನಗರದಲ್ಲಿ ರೂಮು ಮಾಡಿಕೊಂಡಿದ್ದ. ಭಾನುವಾರ ಬಂತೆಂದರೆ ನಾಲ್ಕಾರು ಸ್ನೇಹಿತರನ್ನು ಕಟ್ಟಿಕೊಂಡು, ಬೆನ್ನಿಗೊಂದು ಚೀಲ ಏರಿಸಿ, ನಂದಿಬೆಟ್ಟ, ಶಿವಗಂಗೆ ಅಂತ ಹೊರಟುಬಿಡುತ್ತಿದ್ದ. ಬೆಟ್ಟ ಹತ್ತದ ಭಾನುವಾರಗಳಲ್ಲಿ ಯಲಹಂಕಕ್ಕೆ, ಅತ್ತೆಯ ಮನೆಗೆ ಊಟಕ್ಕೆ ಬರುತ್ತಿದ್ದ. ಎಂಬತ್ತೊಂದನೇ ಇಸವಿಯ ಆಷಾಢದಲ್ಲಿ ಹಾಗೆ ಬಂದವನು ಎಲೆಯ ಮುಂದೆ ಕೂತು, ಈ ಸಲ ದಸರಾ ರಜೆಗೆ ನೇಪಾಳದ ಮುಕ್ತಿನಾಥಕ್ಕೆ ಹೊರಟಿದ್ದೇವೆ ಎಂದ. ಪೋಖರಾ ಅನ್ನುವ ಊರಿನ ತನಕ ರೈಲು, ಬಸ್ಸು. ಅಲ್ಲಿಂದ ಮುಂದೆ ರಸ್ತೆಯೇ ಇಲ್ಲ, ದಿನಗಟ್ಟಲೆ ನಡಿಗೆ. ನದಿಯ ದಡ ಹಿಡಿದು, ತೂಗುಸೇತುವೆ ದಾಟಿ, ಹಿಮದ ಬೆಟ್ಟಗಳ ಕೆಳಗೆ ಹಾದು, ಕತ್ತಲಾದಾಗ ಸಿಕ್ಕ ಹಳ್ಳಿಯಲ್ಲಿ ಮಲಗಿ, ಬೆಳಗಾದಾಗ ಎದ್ದು ಮತ್ತೆ ನಡೆಯುವುದು.

ಸಾರು ಬಡಿಸುತ್ತಿದ್ದ ವೇದವತಿಯ ಕೈ ಹಾಗೇ ನಿಂತಿತು.

ಅವಳಿಗೆ ಐವತ್ತು ತುಂಬಿತ್ತು. ಮೇಷ್ಟರ ಮಗಳು. ಚಿಕ್ಕವಳಿದ್ದಾಗ ಅಪ್ಪ ಯಾವ ಹಳ್ಳಿಗೆ ಹೊರಟರೂ ಹಿಂದೆಯೇ ಹೊರಡುತ್ತಿದ್ದಳು, ಗದ್ದೆ ಬದುವಿನ ಮೇಲೆ, ಕೆರೆ ಏರಿಯ ಮೇಲೆ, ಕಾಲಿಗೆ ಚಪ್ಪಲಿಯೂ ಇಲ್ಲದೆ. ಮದುವೆಯಾಗಿ ಬಂದ ಮೇಲೆ ಎಲ್ಲ ನಡಿಗೆಯೂ ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ಅಡುಗೆಮನೆಗೆ. ಅದನ್ನೇ ಉದ್ದಕ್ಕೆ ಹಾಸಿದ್ದರೆ ನೇಪಾಳ ಯಾವತ್ತೋ ಬಂದುಬಿಡುತ್ತಿತ್ತು. ಹಾಗಂತ ಅವಳಿಗೆ ಅತ್ತೆಮನೆಯ ಮೇಲೆ ಸಿಟ್ಟೇನೂ ಇರಲಿಲ್ಲ. ನಡೆಯಬೇಕು, ಅಷ್ಟೆ. ಎಲ್ಲಿಗೆ ಅಂತಲೂ ಇಲ್ಲ, ಯಾಕೆ ಅಂತಲೂ ಇಲ್ಲ, ದೂರ ನಡೆಯಬೇಕು. ಈ ಆಸೆಯನ್ನು ಅವಳು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಗೆ ಹೇಳುವುದು? ಐವತ್ತು ವರ್ಷದ ಗೃಹಿಣಿ ಹುಡುಗರ ಜೊತೆ ಸುಮ್ಮನೆ ನಡೆಯಲು ಹೋಗುತ್ತೇನೆ ಅಂದರೆ, ತಲೆ ನೆಟ್ಟಗಿದೆಯಾ ಅಂತ ಬೀದಿಯವರೆಲ್ಲ ಬಂದು ನೋಡಿಕೊಂಡು ಹೋಗುತ್ತಿದ್ದರು.

ದೇವರ ಹೆಸರು ಹೇಳಿದರೆ ಮಾತ್ರ ಯಾರೂ ಬೇಡ ಅನ್ನುವ ಹಾಗಿಲ್ಲ.

"ಉಪೇಂದ್ರ, ನಾನೂ ಬರ್ತೀನಿ ಕಣೋ" ಅಂದಳು. "ಮುಕ್ತಿನಾಥನಿಗೆ ನನ್ನದೊಂದು ಹರಕೆ ಇದೆ."

ಪಕ್ಕದ ಎಲೆಯಲ್ಲಿ ಊಟ ಮಾಡುತ್ತಿದ್ದ ಗಂಡ ಗುಂಡಣ್ಣ ತಲೆಯೆತ್ತಿದ. ಯಶವಂತಪುರದ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತನಾಗಿದ್ದು ಹಿಂದಿನ ವರ್ಷವಷ್ಟೇ ನಿವೃತ್ತನಾದವನು. ಒಳ್ಳೆಯ ಮನುಷ್ಯ. ನಿವೃತ್ತಿಯಾದ ಮೇಲೆ ಆ ಒಳ್ಳೆಯತನವನ್ನೆಲ್ಲ ಯಾರ ಮೇಲೆ ಖರ್ಚು ಮಾಡುವುದು ಅಂತ ತೋಚದೆ ಮನೆಯಲ್ಲಿ ಕೂತಿದ್ದ.

"ಹರಕೆನಾ? ಯಾವಾಗ ಹೊತ್ಕೊಂಡೆ?"

"ನಿಮಗೆ ಕಾಮಾಲೆ ಆಗಿತ್ತಲ್ಲ, ಡಾಕ್ಟ್ರು ಕೈ ಚೆಲ್ಲಿದ್ರಲ್ಲ, ಆಗ."

ಕಾಮಾಲೆ ಆಗಿದ್ದು ನಿಜ. ಡಾಕ್ಟರು ಕೈ ಚೆಲ್ಲಿದ್ದೂ ನಿಜ. ಆ ಹೊತ್ತಿನಲ್ಲಿ ಅವಳು ದೇವರ ಮುಂದೆ ಕೂತು ಅತ್ತಿದ್ದೂ ನಿಜ. ಆದರೆ ಮುಕ್ತಿನಾಥ ಅನ್ನುವ ದೇವರು ಆ ಅಳುವಿನಲ್ಲಿ ಎಲ್ಲೂ ಇರಲಿಲ್ಲ. ಗುಂಡಣ್ಣನ ಕಣ್ಣಲ್ಲಿ ನೀರು ಬಂತು. ಅನ್ನ ಕಲಸುತ್ತಿದ್ದ ಕೈಯನ್ನು ಹಾಗೇ ಇಟ್ಟುಕೊಂಡು, ಇಷ್ಟು ವರ್ಷ ಒಂದು ಮಾತೂ ಹೇಳಲಿಲ್ಲವಲ್ಲೇ, ಅಂದ. ಸಂಜೆಯ ಹೊತ್ತಿಗೆ ಬಸ್‌ಸ್ಟಾಪಿನವರಿಗೆ, ಹಾಲಿನ ಬೂತಿನವರಿಗೆ, ಕ್ಷೌರದಂಗಡಿಯಲ್ಲಿ ಕೂತವರಿಗೆಲ್ಲ ಸುದ್ದಿ ಮುಟ್ಟಿತ್ತು: ಗುಂಡಣ್ಣನ ಹೆಂಡತಿ ಗಂಡನ ಪ್ರಾಣಕ್ಕಾಗಿ ಹೊತ್ತ ಹರಕೆ ತೀರಿಸಲು ಹಿಮಾಲಯಕ್ಕೆ ಹೊರಟಿದ್ದಾಳೆ.

ಉಪೇಂದ್ರನಿಗೆ ಹರಕೆಗಿಂತ ಮಳೆಯ ಚಿಂತೆ. "ಅತ್ತೆ, ನಿಮ್ಮ ಸಾಮಾನು ನೀವೇ ಹೊರಬೇಕು. ದಾರೀಲಿ ಮಳೆ ಹಿಡೀತು ಅಂದ್ರೆ ಬಿಡಲ್ಲ. ಹಗುರವಾದ ಪಾಂಚೋ ಒಂದು ಬೇಕೇ ಬೇಕು" ಎಂದ. ಪಾಂಚೋ ಅಂದರೆ ನಡುವೆ ತಲೆ ತೂರಿಸುವಷ್ಟು ಕಿಂಡಿ ಇರುವ ದೊಡ್ಡ ಹೊದಿಕೆ ಅಂತ ವಿವರಿಸಿದ. ಮೈಯೂ ಅದರೊಳಗೆ, ಬೆನ್ನಿನ ಚೀಲವೂ ಅದರೊಳಗೆ. ಎರಡು ಕೈಯೂ ಖಾಲಿ ಇರಬೇಕು, ಮಡಿಸಿದರೆ ತಲೆದಿಂಬಿಗಿಂತ ಚಿಕ್ಕದಾಗಬೇಕು.

"ನೆಂದ್ರೆ ಏನಾಗತ್ತೋ? ಒದ್ದೆ ಸೀರೆ ಉಟ್ಕೊಂಡು ಮಡೀಲಿ ಅಡುಗೆ ಮಾಡಿ ಬೆಳೆದೋಳು ನಾನು."

"ಅದು ಯಲಹಂಕದ ಚಳಿ ಅತ್ತೆ. ಅಲ್ಲಿ ನೆಂದು ಜ್ವರ ಬಂದ್ರೆ ಹೊತ್ಕೊಂಡು ಬರೋರು ಯಾರೂ ಇಲ್ಲ" ಎಂದು ಅವನು ಗಟ್ಟಿಯಾಗಿ ಹೇಳಿದ. ಕೊನೆಗೆ ಒಪ್ಪಂದ ಆಯಿತು. ಹೊದಿಕೆ ಅತ್ತೆಯೇ ಆರಿಸಿಕೊಳ್ಳಬೇಕು. ಮಳೆ ಬರುವ ಒಂದು ಭಾನುವಾರ, ಚೀಲ ಹೊತ್ತುಕೊಂಡು ರಾಜಾನುಕುಂಟೆ ತನಕ ನಡೆದು ವಾಪಸು ಬರಬೇಕು. ಚೀಲ ಒಣಗಿದ್ದರೆ ಮುಕ್ತಿನಾಥ, ಒದ್ದೆಯಾಗಿದ್ದರೆ ಇಲ್ಲ.

ಅಷ್ಟೇ ತಾನೆ ಅಂತ ವೇದವತಿ ಅಂದುಕೊಂಡಳು. ಗುಂಡಣ್ಣನನ್ನು ಅವಳು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮಾರನೇ ದಿನವೇ ಅವನು ಹಜಾರದಲ್ಲಿ ಕಾಲು ಮಡಚಿ ಕೂತು ಹೇಳಿದ. "ನೋಡು ವೇದಾ, ಹರಕೆ ಅಂದ್ಮೇಲೆ ಎಲ್ಲಾ ಮಡೀಲೇ ಆಗ್ಬೇಕು. ನನ್ನ ಪ್ರಾಣ ಉಳಿಸಿದ ಹರಕೆ ಇದು, ಅರೆಬರೆ ಮಾಡೋ ಹಾಗಿಲ್ಲ. ಮಳೆಗೆ ಏನು ಹೊದ್ಕೋತೀಯೋ ಅದೂ ಮಡಿಗೆ ಬರ್ಬೇಕು."

ವೇದವತಿ ಒಳಗೊಳಗೇ ತಲೆ ಚಚ್ಚಿಕೊಂಡಳು. ಹರಕೆಯೇ ಇಲ್ಲ ಅನ್ನುವ ಹಾಗಿಲ್ಲ, ಮಡಿ ಬೇಡ ಅನ್ನುವ ಹಾಗೂ ಇಲ್ಲ. ತಾನೇ ತೋಡಿದ ಗುಂಡಿಗೆ ಗಂಡ ಬಂದು ಪ್ರೀತಿಯಿಂದ ಮೆಟ್ಟಿಲು ಕಟ್ಟುತ್ತಿದ್ದ.

ಗುಂಡಣ್ಣನ ಮೊದಲ ಆಯ್ಕೆ ಕಂಬಳಿ. ಉಣ್ಣೆಗೆ ಮೈಲಿಗೆ ಇಲ್ಲ, ಎಲ್ಲಿಟ್ಟರೂ ಮಡಿ. ಪುಟ್ಟೇನಹಳ್ಳಿಯಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿದ್ದ ಮುನಿಕೃಷ್ಣಪ್ಪ ಅವನಿಗೆ ಹಳೆಯ ಪರಿಚಯ. ಅವನ ಹತ್ತಿರ ಹೊಸ ಕಂಬಳಿಯೊಂದನ್ನು ಕೇಳಿ ತಂದ. ಮುನಿಕೃಷ್ಣಪ್ಪ ಹರಕೆಯ ಸುದ್ದಿ ಕೇಳಿ ಕೈಮುಗಿದು ಕೊಟ್ಟನಂತೆ. "ಇದೊಂದಿದ್ರೆ ಸಾಕು ಸೋಮಿ, ಎಂತಾ ಮಳೆಗೂ ಎದರಬ್ಯಾಡಿ ಅನ್ನಿ ಅಮ್ಮಾವ್ರಿಗೆ" ಅಂದನಂತೆ.

ವೇದವತಿ ಕಂಬಳಿ ಹೊದ್ದು ಬಚ್ಚಲಲ್ಲಿ ನಿಂತಳು. "ಹಂಡೆ ನೀರು ಹುಯ್ಯಿರಿ" ಅಂದಳು. ಗುಂಡಣ್ಣ ಚೊಂಬಿನಿಂದ ಹುಯ್ದ, ಸಾಲದೆಂದು ಬಕೀಟಿನಿಂದ ಹುಯ್ದ. ಮೊದಮೊದಲು ನೀರು ಜಾರಿತು, ನಿಜ. ಆಮೇಲೆ ಕಂಬಳಿ ನೀರು ಕುಡಿಯಲು ಶುರುಮಾಡಿತು. ಕುಡಿದು ಕುಡಿದು, ವೇದವತಿ ಒಂದು ಹೆಜ್ಜೆ ಎತ್ತಿಡಲು ಗೋಡೆ ಹಿಡಿಯಬೇಕಾಯಿತು. ಅದನ್ನು ಹಿಂಡಲು ಗಂಡ ಹೆಂಡತಿ ಇಬ್ಬರೂ ಎರಡು ತುದಿ ಹಿಡಿದು ತಿರುಚಬೇಕಾಯಿತು. ಅದು ಒಣಗುವಷ್ಟರಲ್ಲಿ ಶ್ರಾವಣ ಬಂತು.

"ಕಂಬಳಿ ಬೇಡ" ಎಂದಳು ವೇದವತಿ. "ಇದನ್ನ ಹೊತ್ಕೊಂಡು ನಡೆಯೋದಕ್ಕಿಂತ ಮುನಿಕೃಷ್ಣಪ್ಪನ್ನೇ ಹೊತ್ಕೊಂಡು ನಡೀಬಹುದು."

ಉಪೇಂದ್ರ ತನ್ನದೇ ಪಾಂಚೋ ತಂದು ತೋರಿಸಿದ. ರೇನ್‌ಕೋಟಿನ ಬಟ್ಟೆ ತಂದು ಆರ್.ಟಿ. ನಗರದ ಟೈಲರ್ ಮಂಜೂರ್ ಹತ್ತಿರ ಹೇಳಿ ಹೊಲಿಸಿದ್ದು. ನಾಲ್ಕು ತುಂಡು ಜೋಡಿಸಿ, ತಲೆಗೊಂದು ಟೋಪಿ ಕೂಡಿಸಿ, ಎದೆಗೊಂದು ಜೇಬು ಇಟ್ಟು, ಅಂಚಿಗೆಲ್ಲ ಪಟ್ಟಿ ಹೊಡೆದು ಚೆನ್ನಾಗಿ ಹೊಲಿದಿದ್ದ. ವೇದವತಿಗೆ ಅದನ್ನು ನೋಡಿದರೆ ಆಸೆಯೇ ಆಯಿತು. ಮುಖ್ಯವಾಗಿ ಆ ಜೇಬು. ಗುಂಡಣ್ಣ ಕನ್ನಡಕ ಏರಿಸಿಕೊಂಡು ಒಳಗೂ ಹೊರಗೂ ನೋಡಿದ.

"ಹೊಲಿಗೆ" ಎಂದ.

"ಹೊಲಿಗೆ ಇಲ್ದೆ ಹೇಗೆ ಮಾವ?" ಎಂದ ಉಪೇಂದ್ರ.

"ಹೊಲಿದ ಬಟ್ಟೆ ಮಡಿಗೆ ಬರಲ್ಲ. ಹೊಲಿದಿದ್ದು ತೊಟ್ಕೊಂಡು ಯಾರಾದ್ರೂ ಪೂಜೆ ಮಾಡ್ತಾರೇನೋ? ಪಂಚೆಗೆ ಹೊಲಿಗೆ ಇದ್ಯಾ, ಸೀರೆಗೆ ಇದ್ಯಾ?"

ಉಪೇಂದ್ರ ಅತ್ತೆಯ ಮುಖ ನೋಡಿದ. ಅತ್ತೆ ಸೂರು ನೋಡಿದಳು. ಬ್ಯಾಂಕಿನಲ್ಲಿ ಎಂತೆಂಥ ಗಿರಾಕಿಗಳನ್ನು ಕಂಡ ಹುಡುಗ ಅಂದು ಸುಸ್ತಾಗಿ ಕಾಫಿ ಕುಡಿದು ಹೊರಟುಹೋದ.

ಕೊನೆಗೆ ವೇದವತಿಯೇ ಬಸ್ಸು ಹಿಡಿದು ಯಶವಂತಪುರಕ್ಕೆ ಹೊರಟಳು. ಅಲ್ಲಿ ಮೆಹಬೂಬ್ ಪಾಷಾ ಅನ್ನುವವನು ಟಾರ್ಪಾಲು, ಹಗ್ಗ, ಮಿಲಿಟರಿಯವರು ಹರಾಜು ಹಾಕಿದ ಸಾಮಾನು ಮಾರುವ ಅಂಗಡಿ ಇಟ್ಟಿದ್ದ. ಗುಂಡಣ್ಣನೂ ಬಿಡದೆ ಜೊತೆಗೆ ಬಂದ. ಗೂಡ್ಸ್ ಆಫೀಸಿನ ಕಾಲದಿಂದ ಪಾಷಾ ಅವನಿಗೆ ಗೊತ್ತು.

"ಬನ್ನಿ ಸಾರ್, ಬನ್ನಿ ಅಮ್ಮಾ. ಹಿಮಾಲಯಕ್ಕಂತೆ, ಕೇಳ್ದೆ, ಕೇಳ್ದೆ" ಎಂದ ಪಾಷಾ. ಸುದ್ದಿ ಅಲ್ಲಿಯ ತನಕವೂ ಬಂದಿತ್ತು.

ಮೊದಲು ತೆಗೆದದ್ದು ಸಿಪಾಯಿಗಳ ಹಸಿರು ರಬ್ಬರು ಹೊದಿಕೆ. ಗಟ್ಟಿಮುಟ್ಟು, ನೀರಿನ ಮಾತೇ ಇಲ್ಲ, ಆದರೆ ಎತ್ತಿದರೆ ತೋಳು ಸೋಲುತ್ತಿತ್ತು, ವಾಸನೆಗೆ ಮೂಗು ಮುಚ್ಚಬೇಕಿತ್ತು. ಯಾರು ಹೊದ್ದಿದ್ದೋ ಏನೋ ಅಂತ ಗುಂಡಣ್ಣ ಗೊಣಗಿದ. ಆಮೇಲೆ ತೆಗೆದದ್ದು ಪ್ಯಾರಾಚೂಟಿನ ಬಟ್ಟೆ. ಗಾಳಿಗೆ ಹಾರುವಷ್ಟು ಹಗುರ. ವೇದವತಿ ಅದನ್ನು ಅಂಗೈ ಮೇಲೆ ಗುಳಿ ಮಾಡಿ ಹಿಡಿದು, ಸ್ವಲ್ಪ ನೀರು ಹಾಕಪ್ಪಾ ಅಂದಳು. ಪಾಷಾ ಹೂಜಿಯಿಂದ ಹಾಕಿದ. ನೀರು ಒಂದು ಗಳಿಗೆ ನಿಂತು ಯೋಚನೆ ಮಾಡಿ ಸರಾಗವಾಗಿ ಕೆಳಗಿಳಿಯಿತು. ಕಾಫಿ ಸೋಸಲು ಬಂದೀತು, ಮಳೆಗೆ ಬರುವುದಿಲ್ಲ ಎಂದಳು. ಮೂರನೆಯದು ದಪ್ಪ ಪ್ಲಾಸ್ಟಿಕ್ ಹಾಳೆ. ಅದನ್ನು ಎರಡು ಸಲ ಮಡಿಸಿ ಬಿಚ್ಚುವಷ್ಟರಲ್ಲಿ ಮಡಿಕೆಯಲ್ಲೇ ಸೀಳು ಬಿತ್ತು.

"ಇನ್ನೊಂದಿದೆ ಅಮ್ಮಾ, ಬಣ್ಣ ನೋಡಿ ಯಾರೂ ತಗೊಳಲ್ಲ" ಎಂದು ಪಾಷಾ ಮೇಲಿನ ಹಲಗೆಯಿಂದ ಒಂದು ಸುರುಳಿ ಇಳಿಸಿದ. ತೆಳುವಾದ ನೈಲಾನು, ಒಂದು ಮೈಗೆ ರಬ್ಬರು ಬಳಿದಿತ್ತು. ಡೇರೆಗೆ ಅಂತ ನೇಯ್ದದ್ದು, ಯಾರೂ ಮುಟ್ಟದ ಹೊಸ ಥಾನು. ಬಣ್ಣ ಮಾತ್ರ ಅಪ್ಪಟ ಕಾವಿ. ವೇದವತಿ ಮತ್ತೆ ಅಂಗೈ ಗುಳಿ ಮಾಡಿ ನೀರು ಹಾಕಿಸಿದಳು. ನೀರು ಕದಲದೆ ಕೂತಿತು. ಕೈ ಕೆಳಗೆ ಮುಟ್ಟಿ ನೋಡಿದಳು, ಒಣ ಒಣ. ಮಡಿಸಿದಳು, ಒಂದು ಟವಲಿನಷ್ಟಾಯಿತು. ತೂಕ ನೋಡಿದಳು, ಹತ್ತಿ ಸೀರೆಗಿಂತ ಕಡಿಮೆ. ಇದೇ, ಇದೇ ಅಂತ ಮನಸ್ಸು ಕೂಗಿತು.

"ಕಾವಿ ಬಣ್ಣ" ಎಂದ ಗುಂಡಣ್ಣ ಸಂತೋಷದಿಂದ. "ದೇವರೇ ಕಳ್ಸಿದಾನೆ. ಆದ್ರೆ ಹೊಲಿಸೋ ಹಾಗಿಲ್ಲ ಕಣೇ."

"ಹೊಲಿಸಲ್ಲ" ಎಂದಳು ವೇದವತಿ. ಬಟ್ಟೆಯ ಅಗಲವನ್ನು ತೋಳು ಚಾಚಿ ನೋಡಿದ್ದಳು. ಮಾಮೂಲಿ ಬಟ್ಟೆಯ ಎರಡರಷ್ಟಿತ್ತು. "ಪಾಷಾ, ಒಂದೇ ತುಂಡಲ್ಲಿ ಕೊಡಪ್ಪಾ. ಮುಂದೆ ಮೊಣಕಾಲಿನ ಕೆಳಗೆ ಬರ್ಬೇಕು, ಹಿಂದೆ ಚೀಲದ ಮೇಲೆ ಹಾದು ಮೀನಖಂಡದ ತನಕ ಬರ್ಬೇಕು."

ಮನೆಗೆ ಬಂದು ಅವಳು ಹಜಾರದ ಬಾಗಿಲು ಹಾಕಿಕೊಂಡಳು. ಬೆನ್ನಿಗೆ ಚೀಲ ಹಾಕಿ ಬಟ್ಟೆ ಹೊದ್ದು, ತಲೆ ಎಲ್ಲಿ ಬರುತ್ತದೆ ಅಂತ ಸೀಮೆಸುಣ್ಣದಲ್ಲಿ ಗುರುತು ಮಾಡಿದಳು. ನಟ್ಟನಡುವೆ ಅಲ್ಲ, ಮುಂದಕ್ಕೆ ಒಂದು ಗೇಣು. ಚೀಲದ ಉಬ್ಬಿಗೆ ಹಿಂದೆ ಬಟ್ಟೆ ಹೆಚ್ಚು ಬೇಕಲ್ಲ, ಅದಕ್ಕೆ. ತಲೆ ತೂರುವಷ್ಟು ಸಣ್ಣ ಸೀಳು ಕೊಯ್ದಳು. ಅಂಚು ಎಳೆ ಬಿಡಬಾರದು, ಹೊಲಿಗೆಯೂ ಕೂಡದು. ಊದುಬತ್ತಿ ಹಚ್ಚಿ ಅದರ ಕೆಂಡವನ್ನು ಅಂಚಿನುದ್ದಕ್ಕೂ ಮೆಲ್ಲಗೆ ಮುಟ್ಟಿಸುತ್ತ ಹೋದಳು. ನೈಲಾನು ಕರಗಿ ತಾನೇ ಅಂಟಿಕೊಂಡಿತು. ಉಳಿದ ತುಂಡನ್ನು ತಲೆಗೆ ವಸ್ತ್ರದ ಹಾಗೆ ಕಟ್ಟಿ, ಅದರ ಅಂಚು ಕತ್ತಿನ ಸೀಳಿನ ಮೇಲೆ ಹೊರಗೆ ಬೀಳುವ ಹಾಗೆ ಬಿಟ್ಟಳು, ಹೆಂಚಿನ ಮೇಲೆ ಹೆಂಚು ಕೂರಿಸಿದ ಹಾಗೆ. ಗಾಳಿಗೆ ಹಾರದಿರಲಿ ಅಂತ ಸೊಂಟಕ್ಕೊಂದು ದಾರ. ಒಂದು ಹೊಲಿಗೆ ಇಲ್ಲ, ಒಂದು ಗುಂಡಿ ಇಲ್ಲ. ಬಾಗಿಲು ತೆಗೆದಾಗ ಗುಂಡಣ್ಣ ಕಣ್ಣು ಕಣ್ಣು ಬಿಟ್ಟ. ಅಭ್ಯಾಸಬಲದಿಂದ ಅವನ ಕೈ ಮುಗಿಯಲು ಮೇಲೆದ್ದು ಅರ್ಧಕ್ಕೆ ನಿಂತಿತು.

ಭಾದ್ರಪದದ ಒಂದು ಭಾನುವಾರ ಬೆಳಿಗ್ಗೆ ಮೋಡ ಕಟ್ಟಿತು. ಉಪೇಂದ್ರ ಓಡಿಬಂದ. ಮನೆ ಬಿಟ್ಟು ದೊಡ್ಡಬಳ್ಳಾಪುರದ ರಸ್ತೆ ಸೇರುವ ಮೊದಲೇ ಮಳೆ ಹಿಡಿಯಿತು. ಎರಡೂ ಕಡೆ ರಾಗಿ ಹೊಲ, ದ್ರಾಕ್ಷಿ ಚಪ್ಪರ, ನಡುವೆ ರಸ್ತೆಯ ತುಂಬ ಕೆಂಪು ನೀರು. ವೇದವತಿ ನಡೆದಳು. ಚೀಲದಲ್ಲಿ ಎರಡು ಸೀರೆ, ರಾತ್ರಿಯ ಹೊದಿಕೆ, ಪಾತ್ರೆ, ಅಕ್ಕಿ, ಬೇಳೆ. ಕಾವಿ ನೈಲಾನಿನ ಮೇಲೆ ಮಳೆ ತಟಪಟ ಬಡಿಯುತ್ತಿತ್ತು, ಒಳಗೆ ಅವಳೊಬ್ಬಳೇ ಬೆಚ್ಚಗಿದ್ದಳು. ಎಷ್ಟು ವರ್ಷವಾಗಿತ್ತು ಹೀಗೆ ಮುಂದೆ ರಸ್ತೆ ಬಿಟ್ಟು ಬೇರೇನೂ ಇಲ್ಲದ ಹಾಗೆ ನಡೆದು. ಅವಳಿಗೆ ಹಾಡಬೇಕು ಅನ್ನಿಸಿತು, ಹಾಡಿಯೂ ಹಾಡಿದಳು, ಮಳೆಯ ಸದ್ದಿನಲ್ಲಿ ಉಪೇಂದ್ರನಿಗೆ ಕೇಳಿಸಲಿಲ್ಲ.

ಉಪೇಂದ್ರನ ಗಮನ ಬೇರೆ ಕಡೆ ಇತ್ತು. ಮಂಜೂರ್ ಅಷ್ಟು ಚೆನ್ನಾಗಿ ಹೊಲಿದಿದ್ದ ಪಾಂಚೋದಲ್ಲಿ ಸೂಜಿ ಚುಚ್ಚಿದ ಕಡೆಯಲ್ಲೆಲ್ಲ ನೀರು ದಾರಿ ಹುಡುಕಿಕೊಂಡಿತ್ತು. ಹೆಗಲ ಹೊಲಿಗೆಯಿಂದ ಬೆನ್ನಿಗೆ, ಬೆನ್ನಿನಿಂದ ಚೀಲಕ್ಕೆ. ಎದೆಯ ಜೇಬಿನಲ್ಲಂತೂ ಕೆರೆಯೇ ಆಗಿತ್ತು.

ರಾಜಾನುಕುಂಟೆಯ ಹತ್ತಿರ ಮರದ ಕೆಳಗೆ ಒಬ್ಬ ಹೆಂಗಸು ತಲೆಗೆ ಗೋಣಿಚೀಲ ಕೊಪ್ಪೆ ಹಾಕಿಕೊಂಡು ನಿಂತಿದ್ದಳು, ಕಂಕುಳಲ್ಲಿ ಹುಲ್ಲಿನ ಹೊರೆ. ವೇದವತಿಯನ್ನು ಕಂಡು ಹೊರೆ ಕೆಳಗಿಟ್ಟು ಕೈಮುಗಿದಳು.

"ಅಡ್ಡಬಿದ್ದೆ ತಾಯೀ. ಎಲ್ಲಿಂದ ಬಂದ್ರಿ, ಇಮಾಲಯದಿಂದ್ಲಾ?"

ವೇದವತಿಗೆ ತಾನು ಉಟ್ಟ ಬಣ್ಣ ನೆನಪಾಗಿ ನಗು ಬಂತು. "ನಾನು ಸನ್ಯಾಸಿ ಅಲ್ಲಮ್ಮ, ಯಲಹಂಕದೋಳು. ಹಿಮಾಲಯಕ್ಕೆ ಇನ್ನೂ ಹೋಗ್ಬೇಕು. ನಿನ್ನ ಹೆಸರೇನು?"

"ಮುನಿವೆಂಕಟಮ್ಮ ಅಂತಾರೆ. ಇಮಾಲಯಕ್ಕೆ ಅರಕೆನಾ?"

ಮುಖ ಗೊತ್ತಿಲ್ಲ, ಊರು ಗೊತ್ತಿಲ್ಲ, ಮತ್ತೆ ಸಿಗುವವಳೂ ಅಲ್ಲ. ಉಪೇಂದ್ರ ಆ ಕಡೆ ತಿರುಗಿ ಜೇಬಿನ ನೀರು ಚೆಲ್ಲುತ್ತಿದ್ದ. ವೇದವತಿಗೆ ಬಾಯಿ ತಾನಾಗಿ ಬಿಚ್ಚಿತು. "ಹರಕೆ ಗಿರಕೆ ಏನೂ ಇಲ್ಲ ಕಣಮ್ಮ. ಸುಮ್ನೆ ನಡೆಯೋಕೆ."

ಮುನಿವೆಂಕಟಮ್ಮ ಅವಳನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ಸುಮ್ಕೆ ನಡ್ಯಾಕಾ? ನಾವು ಉಟ್ಟಿದಾಗಿಂದ ನಡೀತಾನೇ ಇದೀವಿ, ನಮ್ಮುನ್ನ ಯಾರೂ ಇಮಾಲಯಕ್ಕೆ ಕರೀಲಿಲ್ವಲ್ಲವ್ವ" ಎಂದು ಬೊಚ್ಚುಬಾಯಿ ಬಿಟ್ಟು ನಕ್ಕಳು. ಆಮೇಲೆ ಮಡಿಲಿನಿಂದ ಎರಡು ಸೀಬೆಹಣ್ಣು ತೆಗೆದು ಕೊಟ್ಟಳು. "ಓಗ್ಬುಟ್ಟು ಬಾ. ಕಾಲು ಗಟ್ಟಿಯಿದ್ದಾಗ್ಲೇ ಓಗ್ಬೇಕು."

ಹಿಂತಿರುಗುವಾಗ ವೇದವತಿಗೆ ಎದೆ ಹಗುರಾಗಿತ್ತು. ಸುಳ್ಳಿನ ಒಂದು ಗಂಟು ಆ ಮರದ ಕೆಳಗೆ ಇಟ್ಟು ಬಂದ ಹಾಗಿತ್ತು.

ಯಲಹಂಕ ಸೇರುವ ಹೊತ್ತಿಗೆ ಮಳೆ ನಿಂತಿತ್ತು. ಮನೆಯ ಜಗಲಿಯ ಮೇಲೆ ಉಪೇಂದ್ರ ಪರೀಕ್ಷೆ ಮಾಡಿದ. ಅತ್ತೆಯ ಚೀಲ ತೆರೆದ, ಸೀರೆ ಮುಟ್ಟಿದ, ಅಕ್ಕಿಯಲ್ಲಿ ಕೈಯಾಡಿಸಿದ. ಒಂದು ಹನಿಯೂ ಇರಲಿಲ್ಲ. ಆದರೆ ಅವಳ ರವಿಕೆಯ ಬೆನ್ನು ತೇವವಾಗಿತ್ತು.

"ಇಲ್ಲಿ ನೆಂದಿದೆಯಲ್ಲ ಅತ್ತೆ."

"ಅದು ಮಳೆ ಅಲ್ವೋ, ಬೆವರು. ಒಳಗೆ ಗಾಳಿ ಆಡಲ್ಲ. ವಾಪಸ್ ಬರೋವಾಗ ಸೊಂಟದ ದಾರ ಸಡಿಲ ಮಾಡ್ಕೊಂಡೆ, ಸರಿಹೋಯ್ತು" ಎಂದಳು. "ನಿನ್ನ ಚೀಲ ತೆಗಿ, ನೋಡೋಣ."

ಉಪೇಂದ್ರ ತನ್ನ ಚೀಲ ತೆಗೆಯಲಿಲ್ಲ. ಅದರ ಮೂಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ನೀವು ಪಾಸು ಅತ್ತೆ" ಎಂದು ಸೀನಿದ. "ನಾನು ಫೇಲು. ಹೊಲಿಗೆ ಬೇಡ ಅಂದಿದ್ದಕ್ಕೆ ಮಾವನಿಗೆ ಒಂದು ನಮಸ್ಕಾರ ಹೇಳಿ." ಅತ್ತೆ ಕೊಟ್ಟ ಒಣ ಟವಲಿನಿಂದ ತಲೆ ಒರೆಸಿಕೊಂಡು, ಪಾಷಾ ಅಂಗಡಿಯ ವಿಳಾಸ ಕೇಳಿಕೊಂಡು, ಬಸ್ಸಿಗೆ ಓಡಿದ.

ವೇದವತಿ ಕುಣಿಯುತ್ತ ಒಳಗೆ ಹೋದಳು. ಗುಂಡಣ್ಣ ಹಂಡೆ ತುಂಬ ಬಿಸಿನೀರು ಕಾಯಿಸಿ ಇಟ್ಟಿದ್ದ. ಅವನ ಮುಖ ಅವಳ ಮುಖಕ್ಕಿಂತ ಹೆಚ್ಚು ಅರಳಿತ್ತು. ಕೂರು, ಕೂರು, ಮೊದಲು ನನ್ನ ಸುದ್ದಿ ಕೇಳು, ಎಂದು ಕೈ ಹಿಡಿದು ಕೂರಿಸಿದ.

"ನೀನು ಮಳೇಲಿ ಹೊರಟಿದ್ದು ನೋಡಿ ನನ್ನ ಕರುಳು ಚುರುಕ್ ಅಂತು. ನನ್ನ ಪ್ರಾಣಕ್ಕೆ ನಿನ್ನ ಪ್ರಾಣ ಪಣ ಇಡೋದಾ? ತಕ್ಷಣ ಮಲ್ಲೇಶ್ವರಕ್ಕೆ ಹೋದೆ. ಅಲ್ಲೊಂದು ಯಾತ್ರಾ ಮಂಡಳಿ ಇದೆ, ಅವರೂ ದಸರಾಗೇ ಮುಕ್ತಿನಾಥಕ್ಕೆ ಹೋಗ್ತಿದಾರೆ. ಪೋಖರಾದಿಂದ ಮೇಲಕ್ಕೆ ಚಿಕ್ಕ ವಿಮಾನ ಇದೆಯಂತೆ. ಅಲ್ಲಿಂದ ಮುಂದೆ ಕುದುರೆ. ಒಂದು ಹೆಜ್ಜೆ ನಡೆಯೋ ಹಾಗಿಲ್ಲ, ಒಂದು ಹನಿ ಮೈಗೆ ಬೀಳೋ ಹಾಗಿಲ್ಲ. ಮಂಡಿನೋವಿನ ನಾನೂ ಬರಬಹುದಂತೆ. ಇಬ್ಬರ ಹೆಸರೂ ಕೊಟ್ಟು ಬಂದೆ. ಹರಕೆ ಯಾರಿಗಾಗಿ ಹೊತ್ತಿದ್ದೋ ಅವನನ್ನೇ ಪಕ್ಕದಲ್ಲಿ ನಿಲ್ಲಿಸ್ಕೊಂಡು ತೀರಿಸ್ಬಹುದು ವೇದಾ. ಇನ್ನು ಆ ನೈಲಾನು ಗೀಲಾನು ಏನೂ ಬೇಡ, ಹಿತ್ತಲ ಸೌದೆಗೆ ಹೊದಿಸಿಬಿಡು."

ವೇದವತಿ ಲೆಕ್ಕ ಹಾಕಿದಳು. ಹೂಂ ಅಂದುಬಿಟ್ಟರೆ ಎಲ್ಲ ಸುಸೂತ್ರ. ಮುಕ್ತಿನಾಥನ ದರ್ಶನವೂ ಆಗುತ್ತದೆ, ಗಂಡನೂ ಖುಷಿ, ಸುಳ್ಳು ಸುಳ್ಳು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಆ ನದಿಯ ದಡ, ಆ ತೂಗುಸೇತುವೆಗಳು, ಬೆಳಿಗ್ಗೆ ಎದ್ದು ಮತ್ತೆ ನಡೆಯುವುದು, ಎಲ್ಲವೂ ವಿಮಾನದ ಕಿಟಕಿಯ ಕೆಳಗೆ ಹಾದುಹೋಗುತ್ತವೆ.

"ರೀ, ನಾನು ವಿಮಾನದಲ್ಲಿ ಬರಲ್ಲ."

"ಯಾಕೆ, ಹೆದರಿಕೆನಾ?"

"ಹರಕೆ ಇಲ್ಲರೀ. ಯಾವತ್ತೂ ಇರಲಿಲ್ಲ. ನಿಮಗೆ ಕಾಮಾಲೆ ಆದಾಗ ಅತ್ತಿದ್ದು ನಿಜ, ಸತ್ಯವಾಗ್ಲೂ ನಿಜ, ಆದ್ರೆ ಹರಕೆ ಹೊತ್ತಿರಲಿಲ್ಲ. ನನಗೆ ನಡೀಬೇಕಿತ್ತು. ಬರೀ ನಡೀಬೇಕಿತ್ತು. ಹಾಗಂದ್ರೆ ಯಾರು ಬಿಡ್ತಾರೆ ಅಂತ ದೇವರ ಹೆಸರು ಹೇಳಿದೆ, ನಿಮ್ಮ ಹೆಸರೂ ಹೇಳಿದೆ."

ಗುಂಡಣ್ಣ ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದ, ಒರೆಸುತ್ತಲೇ ಇದ್ದ. "ಊರಿಗೆಲ್ಲಾ ಹೇಳ್ಕೊಂಡು ಬಂದೆನಲ್ಲೇ" ಎಂದ. ದನಿ ಸಣ್ಣದಾಗಿತ್ತು. "ಕ್ಷೌರದಂಗಡೀಲಿ ಕೂತೋರಿಗೂ ಹೇಳ್ದೆ. ನನ್ನ ಹೆಂಡ್ತಿ ನನಗೋಸ್ಕರ ಅಂತ."

ಬೈದಿದ್ದರೆ ವೇದವತಿ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆದುಕೊಳ್ಳಲಾಗಲಿಲ್ಲ. ಸೆರಗು ಬಾಯಿಗೆ ಹಿಡಿದು ಬಿಕ್ಕಿದಳು.

ಗುಂಡಣ್ಣ ಎದ್ದು ಹೋಗಿ ಲೋಟದಲ್ಲಿ ನೀರು ತಂದ. ಅವಳ ಮುಂದೆ ಇಟ್ಟು ಪಕ್ಕದಲ್ಲಿ ಕೂತ. "ನಡೆಯೋದು ಇಷ್ಟ ಅಂತ ನನಗೊಂದು ಮಾತು ಹೇಳಿದ್ರೆ, ದಿನಾ ಸಂಜೆ ಕೆರೆ ತನಕ ಹೋಗ್ತಿದ್ವಲ್ಲೇ."

"ಕೆರೆ ತನಕ ಸಾಲದು" ಎಂದಳು ವೇದವತಿ ಅಳುತ್ತಲೇ.

ಗುಂಡಣ್ಣನಿಗೆ ನಗು ತಡೆಯಲಾಗಲಿಲ್ಲ. ಮೊದಲು ಮೂಗಿನಲ್ಲಿ ಬಂತು, ಆಮೇಲೆ ಹೊಟ್ಟೆಯಿಂದ ಬಂತು. ನಕ್ಕು ಸುಸ್ತಾಗಿ, ಹೆಂಡತಿಯ ಕಾಲಿನ ಕಡೆ ನೋಡಿದ. ಹಿಮ್ಮಡಿಯ ತನಕ ರಾಜಾನುಕುಂಟೆಯ ಕೆಂಪು ಮಣ್ಣು ಮೆತ್ತಿತ್ತು. ಮೂವತ್ತು ವರ್ಷದಿಂದ ಜೊತೆಯಲ್ಲಿದ್ದ ಆ ಕಾಲುಗಳನ್ನು ಅವನು ಇವತ್ತೇ ಮೊದಲ ಸಲ ನೋಡಿದ ಹಾಗೆ ನೋಡಿದ.

"ನನ್ನ ಹೆಸರು ತೆಗೆಸಲ್ಲ" ಎಂದ. "ನಾನು ವಿಮಾನದಲ್ಲಿ ಹೋಗ್ತೀನಿ. ಮಂಡಳಿಯೋರಿಗೆ ಹೇಳಿ ನೀನು ಬರೋ ತನಕ ಅಲ್ಲೇ ಉಳ್ಕೋತೀನಿ. ನೀನು ನಡ್ಕೊಂಡು ಬಾ."

ವೇದವತಿ ತಲೆಯೆತ್ತಿದಳು.

"ಮೇಲೆ ಒಬ್ಬ ಕಾಯ್ತಿದಾನೆ ಅಂತ ಓಡೋಡಿ ಬರಬೇಡ ಮತ್ತೆ. ಎಲ್ಲಾ ನೋಡ್ಕೊಂಡು, ನಿಧಾನವಾಗಿ ಬಾ" ಎಂದು ಗುಂಡಣ್ಣ ಅವಳ ಕಾಲಿಗೆ ಬಿಸಿನೀರು ತರಲು ಬಚ್ಚಲಿಗೆ ಹೋದ.